ಜಾಕೆಟ್ಟಿಗೆ ಅಮ್ಮನ ನೀರಿನ ಪರೀಕ್ಷೆ

ಇವತ್ತು ಸ್ಪೋರ್ಟ್ಸ್ ಅಂಗಡಿಯಲ್ಲಿ ನನ್ನಮ್ಮ ಗೆದ್ದಳು ಕಣ್ರಪ್ಪಾ! ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಓಡಲು ನನಗೊಂದು ಜಾಕೆಟ್ ಬೇಕಿತ್ತು. ಒಂಟಿಕೊಪ್ಪಲಿನಲ್ಲಿ ರವಿಕೆ ಹೊಲಿಯುವ ಅಮ್ಮ, "ಬಟ್ಟೆ ನಾನು ನೋಡ್ತೀನಿ" ಎಂದು ಜೊತೆಗೇ ಹೊರಟಳು.

ಅಂಗಡಿಯವನು ದಪ್ಪನೆಯದೊಂದನ್ನು ತೆಗೆದ. "ತಗೊಳ್ಳಿ ಮೇಡಂ, ಕಂಬಳಿ ಹೊದ್ದಂಗಿರುತ್ತೆ."

ಅಮ್ಮ ಅದರ ಒಳಮೈ ಹೊರಗೆ ತಿರುಗಿಸಿ ಲೈನಿಂಗ್ ಸವರಿದಳು. "ಕಾಟನ್ನು. ಬೆವರೆಲ್ಲ ಕುಡಿದು ಒದ್ದೆಯಾಗೇ ಇರುತ್ತೆ. ಓಡೋದು ನಿಲ್ಲಿಸಿದ ತಕ್ಷಣ ಮೈಯೆಲ್ಲ ತಣ್ಣಗಾಗ್ಬುಡುತ್ತೆ."

"ಸ್ಪೋರ್ಟ್ಸ್ ಬಟ್ಟೆ ವಿಷ್ಯ ನಿಮಗೆ ಗೊತ್ತಾಗಲ್ಲ ಬಿಡಿ ಅಮ್ಮಾ," ಎಂದು ಅವನು ನಕ್ಕ.

"ಇಪ್ಪತ್ತು ವರ್ಷದಿಂದ ಲೈನಿಂಗ್ ಬಟ್ಟೆ ನೆನೆಹಾಕಿ, ಒಣಗಿಸಿ ಹೊಲೀತಿದ್ದೀನಿ ಕಣಪ್ಪ. ಯಾವ್ದು ಎಷ್ಟೊತ್ತಿಗೆ ಆರುತ್ತೆ ಅಂತ ನನ್ ಕೈಗೆ ಗೊತ್ತು."

ಅಷ್ಟು ಹೇಳಿದವಳೇ ನೀರಿನ ಬಾಟಲಿ ತೆಗೆದು ಜಾಕೆಟ್ಟಿನ ಒಳಗೊಂದು ಹನಿ, ಪಕ್ಕದಲ್ಲಿದ್ದ ತೆಳು ಪಾಲಿಯೆಸ್ಟರ್ ಟೀ ಶರ್ಟಿಗೊಂದು ಹನಿ ಬಿಟ್ಟೇಬಿಟ್ಟಳು.

"ಅಯ್ಯೋ ಅಮ್ಮಾ, ಹೊಸ ಮಾಲು!" ಎಂದು ಅಂಗಡಿಯವನು ಕೂಗಿಕೊಂಡ.

ಮೂವರೂ ಫ್ಯಾನಿನ ಕೆಳಗೆ ನಿಂತು ಕಾದೆವು. ಟೀ ಶರ್ಟ್ ಆರಿತು, ಜಾಕೆಟ್ ಆರಲಿಲ್ಲ. ಆ ಟೀ ಶರ್ಟು, ಅದರ ಮೇಲೆ ಗಾಳಿ ತಡೆಯಲು ಲೈನಿಂಗಿಲ್ಲದ ತೆಳು ಜಾಕೆಟ್ಟು, ಇಷ್ಟೇ ಸಾಕೆಂದು ಅಮ್ಮ ತೀರ್ಪು ಕೊಟ್ಟಳು. ನಾವು ಮೆಟ್ಟಿಲು ಇಳಿಯುವಾಗ ಅಂಗಡಿಯವನು ಮುಂದಿನ ಗಿರಾಕಿಗೆ, "ಬೇಗ ಆರೋ ಬಟ್ಟೆ ತಗೊಳ್ಳಿ ಸಾರ್" ಎನ್ನುತ್ತಿದ್ದ. ನನ್ನ ಎದೆ ಉಬ್ಬಿತು.

ಮನೆಗೆ ಬಂದವಳೇ ನಮ್ಮ ವಿಜ್ಞಾನಿ ಅಮ್ಮ ಬೀರು ತೆಗೆದು ಅಪ್ಪನ ಮಂಕಿ ಕ್ಯಾಪ್ ಕೈಗಿಟ್ಟಳು. "ಕಿವಿಗೆ ಗಾಳಿ ಹೊಕ್ಬುಡುತ್ತೆ, ಹಾಕ್ಕೊಂಡೇ ಓಡು."

ನಾಳೆ ಕೆರೆ ಏರಿಯ ಮೇಲೆ ನಾನು ಕಂಡರೆ ನಗಬೇಡಿ. ಕುತ್ತಿಗೆಯಿಂದ ಕೆಳಗೆ ಎಲ್ಲವೂ ಪರೀಕ್ಷೆ ಪಾಸಾದದ್ದೇ.