ಗಾಳಿ ಪಿಯಾನೋದ ಓನರ್ ಆಂಟಿ

ಮೊನ್ನೆ ಕತ್ರಿಗುಪ್ಪೆ ಸಿಗ್ನಲ್ ದಾಟುವಷ್ಟರಲ್ಲಿ ನನ್ನ ಹಳೇ ಸ್ಕೂಟರ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಸವರಿ, ಒಣಗಲೆಂದು ಬಾಯಿಂದ ಊದುತ್ತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬನಶಂಕರಿ ಎರಡನೇ ಹಂತದ ಆ ಮನೆಯ ಹಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ಎದುರಿಗೆ ಕೆಳಗಿನ ಹಲಗೆ ಬಿಚ್ಚಿಟ್ಟ ಪಿಯಾನೋ. ಬೆರಳಿಗೆಲ್ಲ ಅಂಟಿದ ಸಲ್ಯೂಷನ್. ಪಕ್ಕದಲ್ಲಿ, ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಸೈಕಲ್ ಟ್ಯೂಬಿನ ತುಂಡು ಹಿಡಿದು ಕೂತಿದ್ದ ನಮ್ಮ ಓನರ್ ಆಂಟಿ...

ಮದುವೆಯಾದ ಹೊಸತರಲ್ಲಿ ನಾವು ಅವರ ಮಹಡಿ ಮನೆಗೆ ಬಾಡಿಗೆಗೆ ಹೋಗಿದ್ದೆವು. ಗಂಡ ಆಫೀಸಿಗೆ ಹೋದ ಮೇಲೆ ನಾನು ಮನೆಯಲ್ಲೇ ಕೂತು ಬೇಕರಿಗಳಿಗೆ, ಹಲ್ಲಿನ ಡಾಕ್ಟರುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಕೆಲಸಕ್ಕೆ ಕೂತರೆ ಸಾಕು, ಕೆಳಗಿನಿಂದ ಪಿಯಾನೋ ಶುರುವಾಗುತ್ತಿತ್ತು. ಅದೇ ಕುಣಿತದ ಧಾಟಿ, ಅದೇ ಜಾಗದಲ್ಲಿ ಅದೇ ತಿರುವು. ಮುಗಿಯುತ್ತಿತ್ತು, ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು, ಮತ್ತೆ ಮೊದಲಿನಿಂದ. ಕಿವಿಗೆ ಹತ್ತಿ ಇಟ್ಟುಕೊಂಡರೂ ನೆಲದಿಂದ ಪಾದಕ್ಕೆ ಏರುತ್ತಿತ್ತು. ಓನರ್ ಮನೆ, ದೂರು ಹೇಳುವುದು ಹೇಗೆ?

ಒಂದು ದಿನ ನೀರಿನ ಮೋಟರಿನ ನೆಪ ಮಾಡಿಕೊಂಡು ಕೆಳಗಿಳಿದೆ. ಆಂಟಿ ಗ್ರಿಲ್ ಬಾಗಿಲ ಬೀಗ ತೆಗೆದು, ನನ್ನನ್ನು ಒಳಗೆ ಬಿಟ್ಟುಕೊಂಡು, ತಕ್ಷಣ ಮತ್ತೆ ಬೀಗ ಹಾಕಿದರು. ಬೀಗದ ಕೈ ಸೆರಗಿನ ತುದಿಗೆ ಗಂಟು ಹಾಕಿತ್ತು.

"ತಪ್ಪು ತಿಳ್ಕೋಬೇಡಮ್ಮ. ಅಣ್ಣ ಹೊರಗೆ ಹೋದ್ರೆ ವಾಪಸ್ ಬರೋಕೆ ಗೊತ್ತಾಗಲ್ಲ," ಎಂದರು.

ಅವರ ಅಣ್ಣ ಪಿಯಾನೋ ಮುಂದಿನ ಉದ್ದನೆಯ ಸ್ಟೂಲಿನ ಮೇಲೆ, ಇಸ್ತ್ರಿ ಶರ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಒಂದು ಕಾಲಕ್ಕೆ ಕಂಟೋನ್ಮೆಂಟಿನ ವಾದ್ಯದಂಗಡಿಯೊಂದರಲ್ಲಿ ಪಿಯಾನೋ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿದಾಗ, ಯಾರೂ ಕೊಳ್ಳದೆ ಮೂಲೆಗೆ ಬಿದ್ದಿದ್ದ ಈ ತಾನಾಗಿ ನುಡಿಯುವ ಪಿಯಾನೋವನ್ನು ಮನೆಗೆ ತಂದು ತಾವೇ ಸರಿಮಾಡಿಕೊಂಡಿದ್ದರಂತೆ. ಆಮೇಲೆ ಹೆಂಡತಿ ಹೋದರು. ಅದಾದ ಮೇಲೆ ಒಂದೊಂದಾಗಿ ನೆನಪುಗಳೂ ಹೋದವು. ಮದುವೆಯಾಗದ ಆಂಟಿ ಬ್ಯಾಂಕಿನ ಕೆಲಸದಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಅವರ ಜೊತೆ ಉಳಿದರು. ಒಮ್ಮೆ ಬಾಗಿಲು ತೆರೆದಿದ್ದದ್ದು ಕಂಡು ಹೊರಟ ಅಣ್ಣ, ಸಂಜೆಗೆ ವಸಂತಪುರದ ಕಡೆ ಬರಿಗಾಲಲ್ಲಿ ಸಿಕ್ಕಿದ್ದರು. ಬೀಗ ಬಂದದ್ದು ಅಂದಿನಿಂದ.

ಆಂಟಿ ಹೋಗಿ ಅಣ್ಣನ ಪಕ್ಕ ಕೂತು ಕೆಳಗಿನ ಪೆಡಲುಗಳನ್ನು ತುಳಿಯತೊಡಗಿದರು. ತುಳಿದಂತೆ ಒಳಗಿನ ತಿದಿ ಗಾಳಿ ಎಳೆಯುತ್ತದೆ. ಮೇಲೆ ತೂತು ಕೊರೆದ ಕಾಗದದ ಸುರುಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ತೂತು ಬಂದ ಕಡೆ ಗಾಳಿ ನುಗ್ಗಿ ಆ ಸ್ವರದ ಕೀ ತಾನಾಗಿ ಕೆಳಗಿಳಿಯುತ್ತದೆ. ಅಣ್ಣ ಎರಡೂ ಕೈಯನ್ನು, ತಾವಾಗಿ ಏಳುತ್ತ ಬೀಳುತ್ತ ಇದ್ದ ಆ ಕೀಗಳ ಮೇಲೆ ಹಗುರವಾಗಿ ಇಟ್ಟುಕೊಂಡಿದ್ದರು. ನುಡಿಸುತ್ತಿರುವುದು ತಾವೇ ಎಂದು ಅವರು ನಂಬಿದ್ದರು. ಮುಗಿದಾಗ ತಂಗಿಯ ಕಡೆ ತಿರುಗಿ, "ಹೇಗಿತ್ತು?" ಎಂದರು.

"ಚೆನ್ನಾಗಿತ್ತು ಅಣ್ಣ."

"ಇನ್ನೊಂದ್ಸಲ ನುಡಿಸ್ಲಾ?"

ಆಂಟಿ ಸುರುಳಿಯನ್ನು ಹಿಂದಕ್ಕೆ ಸುತ್ತಿದರು. ನುಡಿಸುತ್ತಿರುವಾಗ ಮಾತ್ರ ಅಣ್ಣ ಬಾಗಿಲ ಹತ್ತಿರ ಹೋಗುವುದಿಲ್ಲ, ಬೀಗ ಎಳೆದಾಡುವುದಿಲ್ಲ, "ನಮ್ಮನೆಗೆ ಹೋಗ್ಬೇಕು" ಎಂದು ಅಳುವುದಿಲ್ಲ ಎಂದು ಆಮೇಲೆ ತಿಳಿಯಿತು. ದೂರು ಹೇಳಲು ಹೋದವಳು ಕಾಫಿ ಕುಡಿದು ಮೇಲೆ ಬಂದೆ.

ಆ ಮಳೆಗಾಲದಲ್ಲಿ ತಿದಿಯ ಬಟ್ಟೆ ಸೀಳು ಬಿಟ್ಟಿತು. ಎಷ್ಟು ತುಳಿದರೂ ಪಿಯಾನೋ ಏದುಸಿರು ಬಿಡುತ್ತ ನಿಂತುಹೋಗುತ್ತಿತ್ತು. ಅಣ್ಣ ಮನೆಯೊಳಗೆ ಗೋಡೆಯಿಂದ ಗೋಡೆಗೆ ನಡೆದರು. ಬೀಗದ ಸದ್ದು ಮಹಡಿಗೂ ಕೇಳುತ್ತಿತ್ತು. ಸರಿಮಾಡಲು ಗೊತ್ತಿದ್ದ ಒಬ್ಬರೇ ಮನುಷ್ಯ ಅದನ್ನು ಮರೆತು ಕೂತಿದ್ದರು. ಆಂಟಿ ಫೋನಿನಲ್ಲಿ ಹುಡುಕಿದರೆ ಸಿಕ್ಕವರೆಲ್ಲ ಹೊರದೇಶದವರು. ಅವರು ಹೇಳುವ ಬಟ್ಟೆ, ಅಂಟು ಯಾವುದೂ ಇಲ್ಲಿ ಸಿಗುವಂಥದ್ದಲ್ಲ.

"ಇಲ್ಲೂ ಯಾರಾದ್ರೂ ಇರ್ಲೇಬೇಕು ಕಣೆ. ಇಂಥ ಡಬ್ಬ ಇಟ್ಕೊಂಡು ಒದ್ದಾಡ್ತಿರೋರು ನಾನೊಬ್ಬಳೇ ಅಲ್ಲ. ನೀನು ವೆಬ್‌ಸೈಟ್ ಮಾಡ್ತೀಯಲ್ಲ, ನಂಗೂ ಒಂದು ಮಾಡ್ಕೊಡು. ಎಲ್ಲಾರೂ ಬಂದು ಸೇರೋ ಥರದ್ದು."

ಹಾಗೆ ಶುರುವಾಯಿತು. ಅವರು ಮೇಲೆ ಬರುವಂತಿರಲಿಲ್ಲವಾದ್ದರಿಂದ ನಾನೇ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಹೋಗುತ್ತಿದ್ದೆ. ಸದಸ್ಯರು ತಮ್ಮ ಪಿಯಾನೋದ ಫೋಟೋ ಹಾಕಲು ಒಂದು ಪುಟ, ಪ್ರಶ್ನೆ ಕೇಳಲು ಒಂದು, ಹಳೆಯ ಸುರುಳಿಗಳನ್ನು ಅದಲುಬದಲು ಮಾಡಿಕೊಳ್ಳಲು ಇನ್ನೊಂದು. ಹೆಸರಿಗೆ ನಾನು ಏನೇನೋ ಸೊಗಸಾದ ಪದ ಹುಡುಕಿದೆ. "ಗಾಳಿ ಪಿಯಾನೋ ಅಂತಿಡು, ಸಾಕು," ಎಂದರು. ಬಹಳ ದಿನ ಅದರಲ್ಲಿ ನಾವಿಬ್ಬರೇ ಇದ್ದೆವು. ಆಂಟಿ ಕೇಳಿದ ಪ್ರಶ್ನೆಗೆ ನಾನೇ ಬೇರೆ ಹೆಸರಿನಲ್ಲಿ, "ಒಳ್ಳೆಯ ಪ್ರಶ್ನೆ," ಎಂದು ಬರೆದಿದ್ದೆ. ಅದನ್ನು ಓದಿ ಅವರು ನಕ್ಕ ನಗು...

ಮೊದಲು ಬಂದವರು ಮಡಿಕೇರಿಯ ಒಬ್ಬ ಮೇಷ್ಟ್ರು. ಬೋರ್ಡಿಂಗ್ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಎಸ್ಟೇಟಿನವರು ಬಿಟ್ಟುಹೋದ ಇಂಥದೇ ಪಿಯಾನೋ ಅವರ ಬಳಿಯೂ ಇತ್ತು. ಸೈಕಲ್ ಟ್ಯೂಬೂ ಪಂಕ್ಚರ್ ಸಲ್ಯೂಷನ್ನೂ ತಾತ್ಕಾಲಿಕಕ್ಕೆ ಸಾಕು ಎಂದು ಹೇಳಿದವರು ಅವರೇ. ಫೋನಿನ ವೀಡಿಯೋದಲ್ಲಿ ಅವರು ಹೇಳುತ್ತ ಹೋದರು, ನಾವು ಅಂಟಿಸುತ್ತ ಹೋದೆವು. ಮಾರನೆಯ ದಿನ ಆಂಟಿ ತುಳಿದರು. ಪಿಯಾನೋ ಒಮ್ಮೆ ಕೆಮ್ಮಿದಂತೆ ಮಾಡಿ ನುಡಿಯಿತು. ಮೂಲೆಯಲ್ಲಿ ನಿಂತಿದ್ದ ಅಣ್ಣ ಏನೂ ಆಗಿಲ್ಲವೆಂಬಂತೆ ಬಂದು ತಮ್ಮ ಜಾಗದಲ್ಲಿ ಕೂತು ಕೈ ಇಟ್ಟರು. ಆಂಟಿ ಮುಖವನ್ನು ಸೆರಗಿನಲ್ಲಿ ಒರೆಸಿಕೊಂಡು ತುಳಿಯುತ್ತಲೇ ಇದ್ದರು.

ಆಮೇಲೆ ಜನ ಸೇರತೊಡಗಿದರು. ಗೋವಾದಿಂದ, ಕೋಲ್ಕತ್ತದಿಂದ, ವಿಲ್ಸನ್ ಗಾರ್ಡನ್ನಿನ ಒಬ್ಬ ಡಾಕ್ಟರೂ ಬಂದರು. ಆಂಟಿ ಎಲ್ಲರಿಗೂ ಉತ್ತರ ಕೊಡುತ್ತಿದ್ದರು. ತುಳಿಯುತ್ತ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅಲ್ಲಿ ಅವರು ಬೇರೆಯೇ ಹೆಂಗಸು. ತಮಾಷೆ ಮಾಡುವವರು, ಜಗಳ ಬಿಡಿಸುವವರು, ಊರೂರಿನ ಹವೆ ಕೇಳುವವರು. "ಮೇಡಂ, ನಿಮಗಿರುವಷ್ಟು ಪಿಯಾನೋ ಪ್ರೀತಿ ನಮಗಿಲ್ಲ," ಎಂದು ಜನ ಬರೆಯುತ್ತಿದ್ದರು. ಆ ಹೆಂಗಸು ಬೀಗ ಹಾಕಿದ ಬಾಗಿಲ ಹಿಂದಿನಿಂದ, ಅದೇ ಧಾಟಿಗೆ ಪೆಡಲ್ ತುಳಿಯುತ್ತ ಮಾತಾಡುತ್ತಿದ್ದಾರೆಂದು ಅವರಿಗೆ ಹೇಗೆ ತಿಳಿಯಬೇಕು?

ಎಲ್ಲರೂ ಮುಖಾಮುಖಿ ಸೇರಬೇಕು, ಮಡಿಕೇರಿಯಲ್ಲಿ, ಆಂಟಿಯೇ ಮುಂದೆ ನಿಂತು ನಡೆಸಬೇಕು ಎಂದು ತೀರ್ಮಾನವಾಯಿತು. ಆಂಟಿ ಆಗುವುದಿಲ್ಲ ಎನ್ನುತ್ತಾರೆಂದುಕೊಂಡಿದ್ದೆ. ಬರುತ್ತೇನೆಂದು ಬರೆಸಿದರು. ಅಷ್ಟರಲ್ಲಿ ಮೇಷ್ಟ್ರು ಒಂದು ಪೆಟ್ಟಿಗೆ ಕಳಿಸಿದ್ದರು. ಅದರಲ್ಲಿ ಗಾಳಿ ಎಳೆಯುವ ಕರೆಂಟಿನ ಮೋಟರು. ಅದನ್ನು ಜೋಡಿಸಿದರೆ ಪೆಡಲ್ ತುಳಿಯುವುದೇ ಬೇಡ. ಸ್ವಿಚ್ ಹಾಕಿದೆವು. ಪಿಯಾನೋ ತಾನಾಗಿ ನುಡಿಯಿತು. ಆಂಟಿ ಹಾಲಿನ ನಡುವೆ, ಕೈಕಾಲಿಗೆ ಕೆಲಸವಿಲ್ಲದೆ, ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬರೇ ಕೂತು ಊಟ ಮಾಡಿದರು.

ಹೊರಡುವ ದಿನ ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದರು. ವಿಲ್ಸನ್ ಗಾರ್ಡನ್ನಿನ ಡಾಕ್ಟರ ಕಾರಿನಲ್ಲಿ ಹೋಗುವುದು, ಮಾರನೆಯ ದಿನ ವಾಪಸ್. ಅಣ್ಣನನ್ನು ನೋಡಿಕೊಳ್ಳಲು ಒಬ್ಬ ನರ್ಸಮ್ಮ, ಜೊತೆಗೆ ನಾನು. "ಏನಾದ್ರೂ ಆದ್ರೆ ತಕ್ಷಣ ಫೋನ್ ಮಾಡು, ಸಂಕೋಚ ಪಡ್ಬೇಡ," ಎಂದು ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ನನ್ನ ಕೈಗಿಟ್ಟರು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಗಂಟು ಅಷ್ಟು ಬಿಗಿದಿತ್ತು.

ಮೋಟರ್ ಹಾಕಿದೆ. ಅಣ್ಣ ಕೂತು ಕೈ ಇಟ್ಟರು. ಎಲ್ಲ ಸರಿಯಾಗಿಯೇ ಇತ್ತು. ಸುರುಳಿ ಮುಗಿದಾಗ ಪಕ್ಕಕ್ಕೆ ತಿರುಗಿ, "ಹೇಗಿತ್ತು?" ಎಂದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಚೆನ್ನಾಗಿತ್ತು ಅಂಕಲ್," ಎಂದೆ.

ಅವರು ನನ್ನನ್ನು ನೋಡಿದರು. ಸ್ಟೂಲಿನ ಖಾಲಿ ಜಾಗವನ್ನು ಕೈಯಿಂದ ಸವರಿ ನೋಡಿದರು. ಎದ್ದು ಗ್ರಿಲ್ ಹತ್ತಿರ ಹೋದರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತ ತಂಗಿಯ ಹೆಸರನ್ನು, ಚಿಕ್ಕ ಮಗುವನ್ನು ಕರೆಯುವ ಹೆಸರಿರುತ್ತದಲ್ಲ, ಅದನ್ನು ಕೂಗತೊಡಗಿದರು. ಮತ್ತೆ ಮೋಟರ್ ಹಾಕಿದೆ, ಅವರು ಬರಲಿಲ್ಲ. ನಾನೇ ಕೂತು ತುಳಿದೆ, ಆಗಲೂ ಬರಲಿಲ್ಲ. ನರ್ಸಮ್ಮ ತೋಳು ಹಿಡಿದರೆ ಕೊಸರಿಕೊಂಡರು. ಬೆರಳ ಗಿಣ್ಣು ತರಚಿ ರಕ್ತ ಬಂತು. ಫೋನ್ ಮಾಡಿದೆ.

ಆಂಟಿ ಮದ್ದೂರು ತಲುಪಿದ್ದರು. "ಸರಿ," ಎಂದರು, ಅಷ್ಟೇ. ಕಾರಿನವರನ್ನು ಮುಂದೆ ಕಳಿಸಿ, ತಾವು ಬಸ್ ಹತ್ತಿ ವಾಪಸ್ ಬಂದರು. ಚಪ್ಪಲಿ ಕೂಡ ಬಿಡದೆ ಸ್ಟೂಲಿನ ಮೇಲೆ ಕೂತು ತುಳಿಯತೊಡಗಿದರು. ಅಣ್ಣ ಬಂದು ಪಕ್ಕದಲ್ಲಿ ಕೂತರು.

"ಎಲ್ಲಿ ಹೋಗಿದ್ದೆ?"

"ಇಲ್ಲೇ, ತರಕಾರಿಗೆ."

ಆಮೇಲೆ ನನ್ನ ಕಡೆ ತಿರುಗಿ, "ಬ್ಯಾಗಲ್ಲಿ ಮದ್ದೂರು ವಡೆ ಇದೆ, ತಗೋ. ಅಲ್ಲಿವರೆಗೂ ಹೋಗಿದ್ದಕ್ಕೆ ಅಷ್ಟಾದ್ರೂ ಬೇಡ್ವಾ," ಎಂದರು. ವಡೆ ಮುರಿದು ಅವರಿಗೂ ಅರ್ಧ ಕೊಟ್ಟೆ. ಅವರು ಕಾಲು ನಿಲ್ಲಿಸದೆ ಮೆಲ್ಲಗೆ, ಅಣ್ಣನಿಗೆ ಕೇಳಿಸದಂತೆ ಹೇಳಿದರು: "ನಂಗೆ ಈ ಪಿಯಾನೋ ಕಂಡ್ರೆ ಆಗಲ್ಲ ಕಣೆ. ಮೊದಲಿಂದ್ಲೂ ಅಷ್ಟೇ. ಇದರ ಸದ್ದು ಕೇಳಿದ್ರೆ ಎದ್ದು ಓಡಿಹೋಗೋಣ ಅನ್ಸುತ್ತೆ. ಸೈಟಲ್ಲಿ ಎಲ್ರೂ ನನ್ನ ಏನೋ ಪಿಯಾನೋ ಭಕ್ತೆ ಅನ್ನೋ ಹಾಗೆ ನೋಡ್ತಾರೆ. ನಿಜ ಹೇಳಿದ್ರೆ ಅದೂ ಹೋಗುತ್ತೆ. ನಂಗೆ ಹೋಗೋಕೆ ಅಂತ ಇರೋದು ಅದೊಂದೇ ಜಾಗ."

ಸೈಟಿನಲ್ಲಿ ಜ್ವರವೆಂದು ಬರೆಸಿದರು. ಮಡಿಕೇರಿಯ ಫೋಟೋಗಳಿಗೆಲ್ಲ ಒಂದೂ ಬಿಡದಂತೆ ಒಳ್ಳೆಯ ಮಾತು ಬರೆಸಿದರು.

ನಾವು ಜೆ.ಪಿ. ನಗರಕ್ಕೆ ಮನೆ ಬದಲಿಸಿದ ಮೇಲೆ ಅಣ್ಣ ಹೋದರು, ಆಸ್ಪತ್ರೆಯಲ್ಲಿ, ನಿದ್ದೆಯಲ್ಲೇ. ವೈಕುಂಠ ಸಮಾರಾಧನೆ ಮುಗಿದ ವಾರವೇ ಆಂಟಿ ಪಿಯಾನೋವನ್ನು ಟೆಂಪೋದಲ್ಲಿ ಮಡಿಕೇರಿಗೆ ಸಾಗಿಸಿಬಿಟ್ಟರು. ಇನ್ನಾದರೂ ಊರೂರು ಸುತ್ತುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. "ಹೋಗ್ಬೇಕು ಅನ್ನೋದು ಆಗ ಇತ್ತು ಕಣೆ, ಈಗಿಲ್ಲ," ಎಂದರು ಒಮ್ಮೆ. ಮನೆಗೆ ಹೋದಾಗಲೆಲ್ಲ ಗ್ರಿಲ್‌ಗೆ ಒಳಗಿನಿಂದ ಬೀಗ ಇರುತ್ತಿತ್ತು. ಯಾಕೆ ಎಂದರೆ, "ರೂಢಿ," ಎನ್ನುತ್ತಿದ್ದರು. ಸೈಟಿಗೆ ಮಾತ್ರ ದಿನವೂ ಬರುತ್ತಿದ್ದರು, ಅದೇ ಲವಲವಿಕೆಯಲ್ಲಿ.

ಹೋದ ವರ್ಷ ಆಂಟಿಯೂ ಹೋದರು. ಸುದ್ದಿಯನ್ನು ಸೈಟಿನಲ್ಲಿ ನಾನೇ ಹಾಕಬೇಕಾಯಿತು. "ಈ ವಾದ್ಯವನ್ನು ಅವರಷ್ಟು ಪ್ರೀತಿಸಿದವರಿಲ್ಲ," ಎಂದು ಒಬ್ಬರಾದ ಮೇಲೊಬ್ಬರು ಬರೆದರು. ಅವರು ಹಾಗೇ ತಿಳಿದುಕೊಂಡಿರಲೆಂದು ಸುಮ್ಮನಿದ್ದೆ. ಆ ಸಂಜೆ ಮಡಿಕೇರಿಯ ಮೇಷ್ಟ್ರು ಫೋನ್ ಮಾಡಿದರು. "ಜನ ಏನೇನೋ ಬರೀತಾವ್ರಲ್ಲಮ್ಮ. ಅವರಿಗೆ ಪಿಯಾನೋ ಕಂಡ್ರೆ ಆಗ್ತಿರ್ಲಿಲ್ಲ, ಗೊತ್ತಲ್ವಾ ನಿಮಗೆ?" ಎಂದರು.

"ನಿಮಗೆ ಹೇಗೆ ಗೊತ್ತು ಸಾರ್?"

"ತಿದಿ ರಿಪೇರಿ ಆದ ಮಾರನೇ ದಿನವೇ ಫೋನ್ ಮಾಡಿ ಹೇಳಿದ್ರು. ಇದನ್ನ ಯಾರಿಗಾದ್ರೂ ಹೇಳದೇ ಇದ್ರೆ ಹುಚ್ಚು ಹಿಡಿಯುತ್ತೆ ಸಾರ್ ಅಂದ್ರು. ಅವತ್ತಿಂದ ದಿನಾ ಮಾತಾಡ್ತಿದ್ವಿ. ಪಿಯಾನೋ ಬಗ್ಗೆ ಒಂದು ಮಾತೂ ಇಲ್ಲ. ಇಲ್ಲಿ ಮಂಜು ಬಿದ್ದಿದ್ಯಾ, ಕಾಫಿ ಹೂ ಬಿಟ್ಟಿದ್ಯಾ, ಅದೇ."

ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಆಂಟಿ ತೀರಿಕೊಂಡ ದಿನ ಅದು ಬಂದಿರಲಿಲ್ಲ.

ಬನಶಂಕರಿಯ ಆ ಮನೆ ಈಗ ಬೇರೆಯವರದು. ಸೈಟನ್ನು ನಾನು ನಡೆಸುತ್ತಿದ್ದೇನೆ, ಪಿಯಾನೋ ವಿಷಯ ಹೆಚ್ಚು ಗೊತ್ತಿಲ್ಲದಿದ್ದರೂ. ರಿಪೇರಿಯ ಪ್ರಶ್ನೆಗಳನ್ನು ಮೇಷ್ಟ್ರಿಗೆ ಕಳಿಸುತ್ತೇನೆ. ಹೊಸಬರು ಸೇರಿದಾಗ ಮಾತ್ರ ನಾನೇ ಫೋನ್ ಮಾಡುತ್ತೇನೆ. ಯಾವ ಕಂಪನಿಯದು, ಎಷ್ಟು ಹಳೆಯದು ಎಂದು ಅವರು ಹೇಳಲು ಹೊರಡುತ್ತಾರೆ. ಅದೆಲ್ಲ ಆಮೇಲೆ ಹೇಳಿ ಎನ್ನುತ್ತೇನೆ. ಮನೆಯಲ್ಲಿ ಯಾರ್ಯಾರಿದ್ದೀರಿ, ಹೊರಗೆ ಓಡಾಡುತ್ತೀರಾ ಎಂದು ಕೇಳುತ್ತೇನೆ. ಕೆಲವರು ಇದೇನು ಪ್ರಶ್ನೆ ಎಂದು ನಗುತ್ತಾರೆ. ಕೆಲವರು ಪಿಯಾನೋ ವಿಷಯ ಅಲ್ಲಿಗೇ ಬಿಟ್ಟು, ಮನೆಯ ಕತೆ ಹೇಳಲು ಶುರುಮಾಡುತ್ತಾರೆ...