ಮೊದಲು ಚೀಲ ಬಿಚ್ಚಿ

ಯಾರಾದರೂ ಜಾರಿ ಬೀಳಬಹುದಿತ್ತು. ಬಿದ್ದವರು ನನ್ನನ್ನೂ ಹಿಡಿದುಕೊಂಡು ಬೀಳಬಹುದಿತ್ತು. ಜೇನು ಏಳಬಹುದಿತ್ತು. ಕಾಡುಕೋಣ ದಾರಿಗೆ ಅಡ್ಡ ನಿಂತು, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟಬಹುದಿತ್ತು. ಬಿಪಿ ಮಾತ್ರೆಯನ್ನು ಮನೆಯ ಫ್ರಿಜ್ಜಿನ ಮೇಲೆ ಬಿಟ್ಟು ಬಂದವರೊಬ್ಬರು ಅರ್ಧ ಗುಡ್ಡದಲ್ಲಿ ಅದನ್ನು ನೆನಪಿಸಿಕೊಳ್ಳಬಹುದಿತ್ತು. ಮಳೆ ಬರಬಹುದಿತ್ತು; ನವೆಂಬರಿನಲ್ಲಿ ಹೊರಗೆ ಬಾರದ ಮಳೆ ನನ್ನ ತಲೆಯೊಳಗೆ ಹಗಲೆಲ್ಲ ಸುರಿಯುತ್ತಿರುತ್ತದೆ. ಇಂಬಳ ಕಾಲಿಗೆ ಹತ್ತಿ ರಕ್ತ ಹೀರಬಹುದಿತ್ತು, ಅನ್ನ ಹಳಸಬಹುದಿತ್ತು, ದಾರಿ ತಪ್ಪಬಹುದಿತ್ತು. ಹುಟ್ಟಿದಾಗಿನಿಂದ ನಡೆದ ದಾರಿ ಅದು, ಆದರೂ ಇರಲಿ ಎಂದು ಅದನ್ನೂ ಪಟ್ಟಿಗೆ ಸೇರಿಸಿಕೊಂಡಿದ್ದೆ.

ಎಲ್ಲಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಹದಿಮೂರು ಮಂದಿಯಲ್ಲಿ ಒಬ್ಬರು ಮುಖ ಸಿಂಡರಿಸಿಕೊಂಡು ಇಳಿದರೂ ನನ್ನ ಈ ಕೆಲಸ ಅಂದಿಗೇ ಮುಗಿಯುತ್ತಿತ್ತು.

ಕೆಲಸ ಎಂದರೆ ಕೊಲ್ಲೂರಿಗೆ ಬಂದವರನ್ನು ಕಾಲುದಾರಿಯಲ್ಲಿ ಗುಡ್ಡ ಹತ್ತಿಸಿ ಇಳಿಸುವುದು. ನನ್ನ ತವರು ಅಲ್ಲೇ, ಕಾಡಿನ ಬುಡದಲ್ಲಿ. ಕೊಟ್ಟದ್ದು ನಾವುಂದದ ಕಡಲ ಬದಿಗೆ. ಐವತ್ತು ದಾಟಿದ, ಒಂದು ಮೊಣಕಾಲು ಕರಕರ ಎನ್ನುವ ಹೆಂಗಸು ಗೈಡ್ ಎಂದರೆ ಬಂದವರು ಮೊದಲು ನನ್ನ ಹಿಂದೆ ನೋಡುತ್ತಾರೆ, ನಿಜವಾದ ಗೈಡ್ ಬರುತ್ತಿರಬಹುದು ಎಂದು. ಗಿರಾಕಿಗಳನ್ನು ಕಳಿಸಿಕೊಡುವವರು ಒಂದು ಲಾಡ್ಜಿನ ಮಾಲಕರು. ಹಿಂದಿನ ವಾರ ಫೋನ್ ಮಾಡಿ ಹೇಳಿದ್ದರು: "ಅಕ್ಕಾ, ನಿಮ್ಮ್ ಚೀಲ ಬಿಚ್ಸು ಕೆಲ್ಸ ಬಿಡಿ. ಗಿರಾಕಿ ಬೇಜಾರ್ ಮಾಡ್ಕಂತ್ರ್. ಈ ಸಲ ಒಬ್ರ್ ದೂರ್ ಹೇಳ್ರೂ ಬಪ್ಪ ವಾರದಿಂದ ಎಲ್ಲರ್ನೂ ಜೀಪಿಗೆ ಹತ್ಸುದೇ, ಕಾಣಿ."

ಚೀಲ ಬಿಚ್ಚಿಸುವುದು ನನ್ನ ಕ್ರಮ. ಹೊರಡುವ ಮುಂಚೆ ಲಾಡ್ಜಿನ ಅಂಗಳದಲ್ಲಿ ಎಲ್ಲರ ಚೀಲ ತೆರೆಸಿ, ಒಳಗಿರುವ ಬಾಟಲಿ, ಬಿಸ್ಕತ್ತಿನ ಕವರು, ಪೆಪ್ಪರಮಿಂಟು, ಒಂದನ್ನೂ ಬಿಡದೆ ಎಣಿಸಿ ಎಡಗೈಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಇಳಿದ ಮೇಲೆ ಮತ್ತೆ ಎಣಿಕೆ. ಕಡಿಮೆ ಬಂದರೆ, ಯಾರದ್ದು ಕಡಿಮೆಯೋ ಅವರು ಹಿಂದೆ ಹೋಗಿ ಹೆಕ್ಕಿ ತರಬೇಕು. ಕಾಗದ ಹರಿಯುತ್ತದೆ, ಕಾಗದ ಕಳೆಯುತ್ತದೆ, ಕೈ ಕಳೆಯುವುದಿಲ್ಲ. (ಕೈ ಕಳೆಯಬಹುದಾದ ಸಂದರ್ಭಗಳನ್ನೂ ಯೋಚಿಸಿದ್ದೇನೆ.)

ಈ ಹಟ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ನಮ್ಮ ಅಂಗಳ ತೋರಿಸುತ್ತೇನೆ. ಗಂಡ ಈಗ ದೋಣಿಗೆ ಹೋಗುವುದಿಲ್ಲ, ಬೇರೆಯವರ ಬಲೆ ಹೊಲಿದು ಕೊಡುತ್ತಾರೆ. ಹೊಲಿಯಲು ಬಂದ ಬಲೆಯಿಂದ ಮೊದಲು ಕವರು ಬಿಡಿಸಬೇಕು. ಚಿಪ್ಸಿನದು, ಶಾಂಪೂವಿನದು, ಕುಂಕುಮದ ಪೊಟ್ಟಣದ್ದು. ಕೊಲ್ಲೂರಿನ ಹೊಳೆ ಇಳಿದಿಳಿದು ಮರವಂತೆಯವರೆಗೆ ಬಂದು ಕಡಲು ಸೇರುವುದನ್ನು ಶಾಲೆಯಲ್ಲಿ ನಕ್ಷೆ ಬಿಡಿಸಿ ಕಲಿಸುತ್ತಾರೆ. ನನಗೆ ಕಲಿಸಿದ್ದು ಆ ಬಲೆ. ಗುಡ್ಡದ ಮೇಲೆ ಎಸೆದದ್ದು ನನ್ನ ಮನೆಯ ಅಂಗಳಕ್ಕೇ ಬರುತ್ತದೆ ಎಂದಾದರೆ, ಗುಡ್ಡದ ಬುಡದಲ್ಲಿ ನಿಂತು ಚೀಲ ನೋಡುವ ಹಕ್ಕು ನನಗಿದೆ. ಮಾಲಕರಿಗೆ ಬೇಜಾರಾದರೆ ಆಗಲಿ. ಹೀಗೆ ಅಂದುಕೊಂಡೇ ಆ ದಿನವೂ ಮೊದಲ ಬಸ್ಸು ಹತ್ತಿದೆ. ಬೈಂದೂರು ಬರುವಷ್ಟರಲ್ಲಿ ಧೈರ್ಯ ಅರ್ಧ ಇಳಿದಿತ್ತು, ಕೊಲ್ಲೂರಿನಲ್ಲಿ ಉಳಿದರ್ಧ.

ಬಂದಿದ್ದವರು ಬ್ರಹ್ಮಾವರದ ಬೆಳಗಿನ ವಾಕಿಂಗ್ ಬಳಗ. ಹದಿಮೂರು ಮಂದಿ, ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಬಳಗಕ್ಕೆ ಒಬ್ಬ ಅಧ್ಯಕ್ಷರಿದ್ದರು, ನಿವೃತ್ತರು, ಕುತ್ತಿಗೆಯಲ್ಲಿ ಸೀಟಿ. ನಾನು "ಚೀಲ ಬಿಚ್ಚಿ" ಎಂದಾಗ ಬಾಗಿಲಲ್ಲಿ ನಿಂತಿದ್ದ ಮಾಲಕರು ಕಣ್ಣು ಮುಚ್ಚಿಕೊಂಡರು.

"ಎಂತದಕ್ಕಾ ಇದ್, ಏರ್‌ಪೋರ್ಟಾ?" ಎಂದರು ಅಧ್ಯಕ್ಷರು.

"ಏರ್‌ಪೋರ್ಟಲ್ ಕಸ್ಕಂತ್ರ್. ನಾ ಕಸ್ಕಂತಿಲ್ಲೆ, ಎಣ್ಸ್ತೆ ಅಷ್ಟೇ. ಹೋಪತಿಗೆ ಎಷ್ಟ್ ಇತ್ತೋ ಬಪ್ಪತಿಗೂ ಅಷ್ಟೇ ಇರ್ಕ್."

"ಎಣ್ಸಿ, ಎಣ್ಸಿ. ನನ್ ಹೆಂಡ್ತಿಯೂ ಹೀಂಗೇ ಕಿಸೆ ಕಾಂತ್ಳ್," ಎಂದು ಚೀಲ ತೆರೆದರು. ಒಳಗೆ ತೆಂಗಿನಕಾಯಿಯಷ್ಟು ದೊಡ್ಡ ಸ್ಪೀಕರ್.

"ಇದ್ ಮಾತ್ರ ಬೇಡ."

"ಭಜನೆ ಹಾಕುದ್ ಮಾರಾಯ್ರೆ, ಸಿನ್ಮಾ ಪದ್ಯ ಅಲ್ಲ!"

"ಭಜನೆ ಕೆಳ್ಗೆ ದೇವಸ್ಥಾನದಲ್ ಇತ್ತಲೆ. ಮೇಲೆ ಕಾಡಿಗೆ ಅದ್ರದ್ದೇ ಇತ್ತ್."

ಸ್ಪೀಕರ್ ಬಾಯಿ ಮುಚ್ಚಿಕೊಂಡು ಚೀಲದಲ್ಲೇ ಇರಲಿ ಎಂದು ರಾಜಿಯಾಯಿತು. ಕೈ ಮೇಲೆ ಬರೆದುಕೊಂಡೆ: ಬಾಟಲಿ, ಕವರು, ಪೆಪ್ಪರಮಿಂಟು, ಬಾಯಿ ಮುಚ್ಚಿದ ಸ್ಪೀಕರ್ ಒಂದು.

ಊಟ ನನ್ನದೇ. ಹದಿನಾಲ್ಕು ಬುತ್ತಿ, ನನ್ನದೂ ಸೇರಿ. ಬಾಳೆಲೆಯಲ್ಲಿ ಚಿತ್ರಾನ್ನ, ಮೂಲೆಗೊಂದು ಮಿಡಿ ಉಪ್ಪಿನಕಾಯಿ. ಪ್ಲಾಸ್ಟಿಕ್ ಡಬ್ಬಿಯೂ ಬೇಡ, ಬೆಳ್ಳಿ ಬಣ್ಣದ ಹಾಳೆಯೂ ಬೇಡ. ಇದರ ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆ ದಿನ ಬೆಳಿಗ್ಗೆ ಔಷಧಿ ಡಬ್ಬವನ್ನು ನಾಲ್ಕನೇ ಸಲ ಪರೀಕ್ಷೆ ಮಾಡುತ್ತಿದ್ದ ನನ್ನನ್ನು ಕಂಡು ಗಂಡ, "ನೀ ಹೆದ್ರುದ್ ಮುಗ್ಸ್, ಬುತ್ತಿ ನಾ ಕಟ್ತೆ" ಎಂದಿದ್ದರು. ಕಟ್ಟಿದ್ದರು ಕೂಡ, ಚೆನ್ನಾಗಿ.

ಹತ್ತುವಾಗ ಯಾರೂ ಬೀಳಲಿಲ್ಲ. ಜೇನು ತನ್ನ ಪಾಡಿಗೆ ಇತ್ತು. ಕಾಲುದಾರಿ ಬಿಟ್ಟು ಅಡ್ಡ ಹಾರಲು ಹೋದ ಇಬ್ಬರನ್ನು ಹಿಂದಕ್ಕೆ ಕರೆದೆ. ಅಡ್ಡದಾರಿ ತುಳಿದರೆ ಮುಂದಿನ ಮಳೆಗಾಲ ಅದೇ ತೋಡಾಗಿ ಮಣ್ಣು ಇಳಿಯುತ್ತದೆ ಎಂದೆ. ಒಬ್ಬರು "ಹೌದನಾ?" ಎಂದು ನಿಜವಾಗಿಯೇ ಕೇಳಿದರು. ನನ್ನ ಭಾಷಣಕ್ಕೆ ಅಷ್ಟು ಸಿಕ್ಕರೆ ನನಗೆ ಹಬ್ಬ.

ಮೇಲೆ ಹಾಸುಬಂಡೆಯ ಮೇಲೆ ಊಟಕ್ಕೆ ಕುಳಿತಾಗ ಅಧ್ಯಕ್ಷರು ಸ್ಪೀಕರ್ ಹೊರಗೆ ತೆಗೆದರು. "ಒಂದೇ ಒಂದ್ ಅಕ್ಕಾ. ಇಲ್ಲ್ ಯಾರ್ ಇದ್ರ್ ಕೇಂಬುಕೆ?"

"ಯಾರೂ ಇಲ್ದಿದ್ರೆ ಯಾರಿಗ್ ಹಾಕುದ್?"

ಸುತ್ತ ಕುಳಿತವರು ಬುತ್ತಿ ಹಿಡಿದುಕೊಂಡು ಒದ್ದಾಡುತ್ತಿದ್ದರು. ಗಂಡ ಹಾಕಿದ ಗಂಟು ಯಾರಿಗೂ ಬಿಚ್ಚಲಾಗುತ್ತಿರಲಿಲ್ಲ, ಒಬ್ಬರಂತೂ ಹಲ್ಲು ಹಾಕಿದ್ದರು. "ಕೊಡಿ ಇಲ್ಲ್" ಎಂದು ಒಂದೊಂದೇ ತೆಗೆದುಕೊಂಡು ಬಿಚ್ಚಿಕೊಟ್ಟೆ. ಬಲೆಯ ಗಂಟು ನನ್ನ ಬೆರಳಿಗೆ ಮೂವತ್ತು ವರ್ಷದ ಪರಿಚಯ. ಕೈ ಬಿಚ್ಚುತ್ತಾ ಹೋಯಿತು, ಕಣ್ಣು ಅಧ್ಯಕ್ಷರ ಮೇಲಿತ್ತು, ಬಾಯಿ ಜಗಳದಲ್ಲಿತ್ತು. ಇಲ್ಲಿ ಸಿಂಗಳೀಕ ಇವೆ, ಮರದಿಂದ ಮರಕ್ಕೆ ದಾಟುವ ಜಾಗ ಇದು, ಸದ್ದಿಗೆ ದಾರಿ ಬಿಟ್ಟು ಹೋಗುತ್ತವೆ ಎಂದೆ. "ಎಲ್ಲಿದ್ದೊ, ತೋರ್ಸಿ" ಎಂದರು. ಅವು ಬಂದು ನನ್ನ ಪರ ಸಾಕ್ಷಿ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ಕಾಣದೇ ಇರುವುದು ಅವುಗಳ ಇಷ್ಟ, ಅದಕ್ಕೆ ನಾವು ಬಾಯಿ ಮುಚ್ಚಬೇಕಾದ್ದು ನಮ್ಮ ಮರ್ಯಾದೆ.

"ನೀವ್ ಹಾಕ್ರೆ ನಾ ಇಲ್ಲಿಂದ್ಲೇ ಇಳಿತೆ," ಎಂದೆ. ಮಾಲಕರು ಫೋನಿನಲ್ಲಿ ಹೇಳಿದ್ದು ನೆನಪಿತ್ತು. ಅಧ್ಯಕ್ಷರು ನನ್ನನ್ನೇ ನೋಡಿದರು, ಆಮೇಲೆ ಬುತ್ತಿ ನೋಡಿದರು. "ಚಿತ್ರಾನ್ನ ಲಾಯ್ಕ್ ಇತ್ತ್. ನೀವ್ ಇಳುದ್ ಬೇಡ" ಎಂದು ಸ್ಪೀಕರನ್ನು ಚೀಲಕ್ಕೆ ಹಾಕಿದರು.

ಎಲೆಗಳನ್ನೂ ಅಲ್ಲಿ ಬಿಡಲಿಲ್ಲ, ಎಲ್ಲ ಮಡಚಿ ಗೋಣಿಗೆ ತುಂಬಿದೆ. ಎಲೆ ಕೊಳೆಯುತ್ತದೆ, ನಿಜ. ಆದರೆ ಇವತ್ತು ಎಲೆ ನೆಕ್ಕಿದ ಮಂಗ ನಾಳೆ ಚೀಲಕ್ಕೆ ಕೈ ಹಾಕುತ್ತದೆ. ಜೀಪು ಗುಡ್ಡ ಹತ್ತಿ ನಿಲ್ಲುವಲ್ಲಿ ಕಂಡಿದ್ದೇನೆ.

ಇಳಿದು ಕಾಡಿನ ಅಂಚಿಗೆ ಬಂದಾಗ ಎಣಿಕೆ. ಒಂದು ಪೆಪ್ಪರಮಿಂಟಿನ ಕವರು ಕಡಿಮೆ. ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಗಂಟಲಿಗೆ ಶುಂಠಿ ಪೆಪ್ಪರಮಿಂಟು ಚೀಪುತ್ತಿದ್ದವರು ಅವರೊಬ್ಬರೇ. "ಕಡೆ ತಿರುವಲ್ಲ್ ತಿಂದದ್ದ್," ಎಂದರು ಸಣ್ಣ ಧ್ವನಿಯಲ್ಲಿ.

"ಹಾಂಗಾರೆ ಕಡೆ ತಿರುವಿಗ್ ಹೋಯ್ಕ್."

"ಅಷ್ಟ್ ಸಣ್ಣ ಕವರಿಗಾ?"

"ದೊಡ್ಡದ್ ಯಾರೂ ಬಿಸಾಡುದಿಲ್ಲೆ ಮಾರಾಯ್ರೆ. ಎಲ್ಲ ಸಣ್ಣದೇ."

ಅವರು ಹೋದರು. ನಾನೂ ಜೊತೆಗೆ ಹೋದೆ, ಬಿದ್ದರೆ ಎಂದು. ಕವರು ಸಿಕ್ಕಿತು. ಅವರು ಅದನ್ನು ಶರ್ಟಿನ ಕಿಸೆಗೆ ಹಾಕಿ, ಕಿಸೆಯ ಗುಂಡಿಯನ್ನೂ ಹಾಕಿಕೊಂಡರು. ದಾರಿಯಿಡೀ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಮುಗಿಯಿತು ನನ್ನ ಗೈಡುತನ ಎಂದುಕೊಂಡೆ.

ಆದರೆ ಅಂಗಳದಲ್ಲಿ ಮಾಲಕರು "ಹ್ಯಾಂಗಾಯ್ತ್?" ಎಂದಾಗ ಅಧ್ಯಕ್ಷರು ಕಿಸೆಯಿಂದ ಕವರು ತೆಗೆದು ತೋರಿಸಿದರು, ಮೆಡಲ್ ತೋರಿಸುವ ಹಾಗೆ. "ಕಂಡ್ರ್ಯಾ? ವಾಪಸ್ ಹತ್ತಿ ತಂದದ್ದ್!" ಬಳಗ ಚಪ್ಪಾಳೆ ಹೊಡೆಯಿತು. ಮಾಲಕರ ಮುಖ ಅರಳಿತು.

ನಾನು ಗೋಣಿಯನ್ನು ಲಾಡ್ಜಿನ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದೆ. ಬೆರಳಿಗೆ ಏನೋ ಸುತ್ತಿಕೊಂಡಿತು. ಎಳೆದು ನೋಡಿದೆ. ಹಸಿರು ನೈಲಾನ್ ನೂಲು, ಬಲೆ ಹೊಲಿಯುವುದು.

ಯಾವಾಗಲೂ ನಾನು ಬುತ್ತಿ ಕಟ್ಟುವುದು ಬಾಳೆನಾರಿನಲ್ಲಿ. ಗಂಡ ತಮ್ಮ ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿದ್ದಾರೆ. ನಮ್ಮ ಮನೆಯಲ್ಲಿ ಕೈಗೆ ಸಿಕ್ಕುವುದು ಅದೇ. ಹಸಿರು ಎಲೆಯ ಮೇಲೆ ಹಸಿರು ನೂಲು. ಎಲೆ ಒಂದೊಂದೇ ಬಿಡಿಸಿ ಎಣಿಸಿದೆ. ಎಲೆ ಹದಿನಾಲ್ಕು. ನೂಲು ಹದಿಮೂರು. ಯಾರದ್ದು ಇಲ್ಲ ಎಂದು ತಿಳಿಯಲು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಜಗಳದ ನಡುವೆ ನನ್ನ ಬುತ್ತಿಯ ನೂಲನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸುತ್ತಿದ್ದದ್ದು ನೆನಪಾಯಿತು. ಆಮೇಲಿನದು ನೆನಪಾಗಲಿಲ್ಲ.

ಮುಚ್ಚಿಡಬಹುದಿತ್ತು, ಬಳಗ ಚಹಾ ಕುಡಿಯುತ್ತಿತ್ತು. "ಹ್ವಾಯ್," ಎಂದೆ, "ಒಂದ್ ಕಡ್ಮೆ ಇತ್ತ್. ನಂದೇ."

ಅಧ್ಯಕ್ಷರು ಗ್ಲಾಸು ಕೆಳಗಿಟ್ಟು ಎದ್ದು ನಿಂತು ಸೀಟಿ ಊದಿದರು. "ಅಕ್ಕಾ! ಅಷ್ಟ್ ಸಣ್ಣ ನೂಲಿಗಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮಾಲಕರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬಿಡಿ ಅಕ್ಕಾ, ಯಾರೂ ದೂರ್ ಹೇಳ್ಲಿಲ್ಲೆ. ಬಪ್ಪ ವಾರ ಇನ್ನೊಂದ್ ಗುಂಪ್ ಇತ್ತ್. ಅವ್ರದ್ದ್ ಮಾತ್ರ ಚೀಲ..."

"ಬಿಚ್ಸುದೇ," ಎಂದೆ. "ಮೊದ್ಲ್ ನಂದ್."

ಮರುದಿನ ಬೆಳಿಗ್ಗೆ ಒಬ್ಬಳೇ ಹತ್ತಿದೆ. ಬೀಳಬಹುದಿತ್ತು, ಜೇನು ಏಳಬಹುದಿತ್ತು, ಏನೂ ಆಗಲಿಲ್ಲ. ಹಾಸುಬಂಡೆಯ ಸಂದಿಯಲ್ಲಿ ಅದು ಬಿದ್ದಿತ್ತು, ಒಂದು ಗೇಣು ಉದ್ದ. ಅದಕ್ಕೆ ಅಂಟಿದ್ದ ಅನ್ನದ ಅಗುಳನ್ನು ಇರುವೆಗಳು ಆಗಲೇ ಬಿಡಿಸಿಕೊಂಡು ಹೋಗಿದ್ದವು. ನೂಲನ್ನು ಬಿಟ್ಟಿದ್ದವು.