ಹಳೆಯ ಯಂತ್ರಕ್ಕೂ ಅರ್ಥವಾಗುವ ಹಾಗೆ

ಬೆರಳಿನಿಂದ ಓದುವವರಿಗಾಗಿ ಪುಸ್ತಕ ಅಚ್ಚು ಹಾಕುವ ಕ್ಷೇತ್ರದಲ್ಲಿ ಹೊಸ ಕಂಪ್ಯೂಟರುಗಳನ್ನು ತಂದವರು ಹಲವರಿದ್ದಾರೆ. ಹೊಸದಕ್ಕೆ ಹಳೆಯದರ ಜೊತೆ ಬಾಳುವುದನ್ನು ಕಲಿಸಿದವರು ವಿರಳ. ನಮ್ಮ ಬ್ರೈಲ್ ಮುದ್ರಣಾಲಯದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ನಮ್ಮೆಲ್ಲರ ಪಾಲಿನ ‘ಮೇಡಂ’, ಅಂಥವರಲ್ಲೊಬ್ಬರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಇಲ್ಲೇ ಕರಡು ತಿದ್ದುತ್ತ ಬೆರಳು ಸವೆಸಿದ ನನಗೂ ಈ ಅಭಿನಂದನಾ ಸಂಚಿಕೆಗೆ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ. ನಾನು ಹುಟ್ಟುಕುರುಡ, ಅವರ ನಗುಮುಖದ ವರ್ಣನೆಯನ್ನು ಉಳಿದ ಲೇಖಕರಿಗೆ ಬಿಟ್ಟಿದ್ದೇನೆ.

ಅವರು ಸೇರಿದಾಗ ನಮ್ಮಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದು ಫ್ಲಾಪಿ ಎಂಬ ತೆಳು ಕಾಂತೀಯ ತಟ್ಟೆಯಲ್ಲಿದ್ದುದನ್ನು ಓದಿ, ಪಕ್ಕದ ಯಂತ್ರದಿಂದ ದಪ್ಪ ಕಾಗದದ ಮೇಲೆ ಚುಕ್ಕೆಗಳನ್ನು ಒತ್ತಿಸುತ್ತಿತ್ತು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ಕಚೇರಿಯಲ್ಲಿ ಜಗಳವೂ ಕಡಿಮೆಯಿತ್ತು. ನನ್ನ ತಾಯಿ ಆಸ್ಪತ್ರೆ ಸೇರಿದಾಗ ಮೇಡಂ ಬ್ರೈಲ್ ಕಲಿತು ನನ್ನ ಪಾಲಿನ ಕರಡನ್ನೂ ತಿದ್ದಿದರು. ಚುಕ್ಕೆಗಳನ್ನು ಕಣ್ಣಿನಿಂದ ಓದಿದರೆಂದು ಆಮೇಲೆ ತಿಳಿಯಿತು. ಆ ಮೋಸವನ್ನು ಕ್ಷಮಿಸಿದ್ದೇನೆ.

ಮುಂದೆ ಹೊಸ ಕಂಪ್ಯೂಟರ್ ಬಂತು, ತೊಂದರೆಯೂ ಬಂತು. ಅದರಲ್ಲಿ ಬೀಜಗಣಿತದ ಪುಸ್ತಕ ಸಿದ್ಧವಾಯಿತು. ಆದರೆ ಅದನ್ನು ತುಂಬಿಸಿದ ಫ್ಲಾಪಿಗಳನ್ನು ಹಾಕಿದರೆ ಹಳೆಯ ಕಂಪ್ಯೂಟರ್ ಗೊರಗುಟ್ಟಿ ಸುಮ್ಮನಾಗುತ್ತಿತ್ತು. ಅಚ್ಚಿನ ಯಂತ್ರವೋ ಹಳೆಯದರ ಮಾತನ್ನಷ್ಟೇ ಕೇಳುತ್ತಿತ್ತು. ಫ್ಲಾಪಿಯನ್ನು ಬರಹಕ್ಕೆ ಅಣಿಗೊಳಿಸುವ ಫಾರ್ಮ್ಯಾಟ್ ಎಷ್ಟು ಸಲ ಮಾಡಿದರೂ ಅದೇ ಹಾಡು. ಪರೀಕ್ಷೆ ಹತ್ತಿರವಿತ್ತು, ಬರೆಯುವವರಲ್ಲಿ ನನ್ನಂತೆಯೇ ಕಣ್ಣಿಲ್ಲದ ನನ್ನ ತಂಗಿಯ ಮಗಳೂ ಇದ್ದಳು.

“ಈ ವರ್ಷ ಯಾರಾದ್ರೂ ಓದಿ ಹೇಳ್ಲಿ ಬಿಡಿ,” ಎಂದರು ನಿರ್ದೇಶಕರು.

“ಕಣ್ಣು ಮುಚ್ಕೊಂಡು ಒಂದು ಸಮೀಕರಣ ಬಿಡಿಸಿ ಸರ್, ನಾನು ಓದಿ ಹೇಳ್ತೀನಿ,” ಎಂದರು ಮೇಡಂ. ನಿರ್ದೇಶಕರಿಗೆ ತಕ್ಷಣ ಬೇರೆ ಕೆಲಸ ನೆನಪಾಯಿತು.

ತಪ್ಪು ನಮ್ಮ ಮಿತವ್ಯಯದಲ್ಲಿತ್ತು. ಹಳೆಯ ಯಂತ್ರದಲ್ಲಿ ಬಳಸಿದ ಫ್ಲಾಪಿಗಳನ್ನೇ ನಾವು ಮತ್ತೆ ಬಳಸುತ್ತಿದ್ದೆವು. ಅದನ್ನು ತಿಳಿಸಲು ಮೇಡಂ, ಆಗಲೇ ಅಚ್ಚಾಗಿದ್ದ ಹಾಳೆಯ ಮೇಲೆಯೇ ಇನ್ನೊಂದು ಪುಟ ಒತ್ತಿಸಿ ನನ್ನ ಕೈಗಿತ್ತರು.

“ಓದಿ.”

“ಏನಿದು, ಎರಡೂ ಒಟ್ಟಿಗೆ ಬೆರಳಿಗೆ ಬರ್ತಿವೆ!”

“ಹಳೇ ಮೆಷಿನ್‌ಗೂ ಹೀಗೇ ಆಗ್ತಿದೆ. ಹೊಸದು ಫ್ಲಾಪಿ ಮೇಲೆ ಗೆರೆ ಸಣ್ಣಗೆ ಬರಿಯತ್ತೆ, ಅಕ್ಕಪಕ್ಕ ಹಳೇ ಬರಹ ಉಳಿಯತ್ತೆ. ಹಳೇ ಮೆಷಿನ್ನಿನ ಓದೋ ತಲೆ ಅಗಲ, ಎರಡನ್ನೂ ಓದತ್ತೆ ಪಾಪ.”

ಎಲ್ಲರೂ ಹಳೆಯದನ್ನು ಬೈಯುತ್ತಿದ್ದಾಗ ಅದಕ್ಕೆ ‘ಪಾಪ’ ಎಂದವರು ಅವರೊಬ್ಬರೇ. ಪಕ್ಕದ ಧ್ವನಿಮುದ್ರಣ ಕೋಣೆಯಲ್ಲಿ ಕ್ಯಾಸೆಟ್ ಅಳಿಸುವ ದೊಡ್ಡ ಅಯಸ್ಕಾಂತವಿತ್ತು. ಫ್ಲಾಪಿಗಳನ್ನು ಅದರಡಿ ಹಿಡಿದು ಹಳೆಯದರ ಸುಳಿವೇ ಇಲ್ಲದಂತೆ ಅಳಿಸಿ, ಹೊಸ ಕಂಪ್ಯೂಟರಿನಲ್ಲಿ ಹಳೆಯ ಅಳತೆಗೇ ಫಾರ್ಮ್ಯಾಟ್ ಮಾಡಿ, ಪುಸ್ತಕವನ್ನು ಮತ್ತೆ ತುಂಬಿಸಿದರು. ಹಳೆಯದು ಗೊರಗುಟ್ಟಿತು, ಆಮೇಲೆ ಅಚ್ಚಿನ ಗದ್ದಲ ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಪುಸ್ತಕ ಕೈಗೆ ಬಂದಾಗ ನನ್ನ ತಂಗಿಯ ಮಗಳು ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ. ಅಲ್ಲೇ ಕುಳಿತು ಲೆಕ್ಕಕ್ಕೆ ತೊಡಗಿದಳು. “ಮಾಮ, ಸ್ವಲ್ಪ ಸುಮ್ನಿರು, ಹಿಂದಿನ ಸಾಲು ಇನ್ನೊಂದ್ಸಲ ನೋಡ್ಬೇಕು,” ಎಂದಳು. ಬೆರಳಾಡಿಸಿ ಹಿಂದಿನ ಸಾಲಿಗೆ ತಾನೇ ಹೋಗಿ ಬಂದಳು, ಯಾರನ್ನೂ ಕೇಳದೆ. ನನ್ನ ಪಕ್ಕದಲ್ಲಿ ಮೇಡಂ ಮೂಗೆಳೆದುಕೊಂಡದ್ದು ಕೇಳಿಸಿತು.

ಆ ಹುಡುಗಿ ಇಂದು ಗಣಿತದ ಅಧ್ಯಾಪಕಿ. ತನ್ನ ತರಗತಿಗೊಂದು ಹೊಸ ಪುಸ್ತಕ ಬೇಕೆಂದು ಈಗಾಗಲೇ ಹಟ ಹಿಡಿದಿದ್ದಾಳೆ. ಮೇಡಂ, ನೀವು ಆಯುರಾರೋಗ್ಯದಿಂದ ಬಹುಕಾಲ ಬಾಳಬೇಕು. ಆ ಪುಸ್ತಕಕ್ಕಾಗಿ ಸೋಮವಾರ ಬೆಳಿಗ್ಗೆ ಬರಲೂಬೇಕು. ಕರಡು ತಿದ್ದಲು ನಾನಿರುತ್ತೇನೆ.